ಸೆಟ್ ಆಯ್ತಾ?

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಮೂವತ್ತು ವರ್ಷ ದಾಸವಾಳದ ಬೇಲಿಯಿತ್ತು. ಹೋದ ಮಳೆಗಾಲದಲ್ಲಿ ಬುಡಕ್ಕೆ ಗೆದ್ದಲು ಹತ್ತಿ ಅರ್ಧಕ್ಕರ್ಧ ಒರಗಿಬಿಟ್ಟಿತು. ಎರಡೂ ಮನೆಯವರು ಸೇರಿ ದುಡ್ಡು ಹಾಕಿ ಗೋಡೆ ಕಟ್ಟಿಸೋಣ ಅಂತ ಮಾತಾಯಿತು. ಎದೆಮಟ್ಟಕ್ಕೆ ಸಾಕು ಅಂದವರು ಪಕ್ಕದ ಮನೆಯ ಅಜ್ಜಿ. ಅದಕ್ಕಿಂತ ಮೇಲೆ ಏರಿಸಿದರೆ ಮಾತಾಡೋದು ಹೇಗೆ ಅನ್ನೋದು ಅವರ ಕಾಳಜಿ. ಶಿವರಾತ್ರಿಗೆ ಇನ್ನೊಂದು ವಾರ ಇರುವಾಗ ಗೋಡೆ ಎದ್ದಿತು. ಮೇಸ್ತ್ರಿ ಮೇಲುಗಡೆ ಒಂದು ಪಟ್ಟಿ ಕಾಂಕ್ರೀಟ್ ಎಳೆದು, ಕರಣೆ ತೊಳೆಯುತ್ತಾ, "ಸೆಟ್ ಆಗ್ಬೇಕು ಅಜ್ಜಿ, ನಾಳೆ ಬೆಳಗ್ಗೆವರ್ಗೂ ಯಾರೂ ಕೈ ಇಡ್ಬೇಡಿ" ಅಂದ. ಅದೇ ಹೊತ್ತಿಗೆ ಒಳಗಿನಿಂದ ಅಜ್ಜಿಯ ಸೊಸೆ ಕೂಗಿ ಹೇಳಿದಳು: "ಅತ್ತೇ, ಚಳಿಗೆ ಮೊಸರು ಸೆಟ್ಟೇ ಆಗಿಲ್ಲ." ಅಷ್ಟರಲ್ಲಿ ಮೊಮ್ಮಗ ಮೊಬೈಲಿನಲ್ಲಿ ಬಣ್ಣದ ಪಟ್ಟಿ ನೋಡುತ್ತಾ ಬಂದು, "ಅಜ್ಜಿ, ನೀನು ಹೇಳಿದ ಹಸಿರು ಈ ಗೋಡೆಗೆ ಸೆಟ್ ಆಗಲ್ಲ" ಅಂದ.

ಅಜ್ಜಿ ನನ್ನ ಕಡೆ ತಿರುಗಿದರು. "ಅದೇನಮ್ಮಾ ಅದು ಸೆಟ್ಟು? ಗಾರೆಗೂ ಅದೇ, ಮೊಸರಿಗೂ ಅದೇ, ಬಣ್ಣಕ್ಕೂ ಅದೇ. ಒಂದೇ ಮಾತು ಅಷ್ಟೊಂದು ಕೆಲಸ ಮಾಡತ್ತಾ?"

ಅಜ್ಜಿ ಕೇಳಿದ್ದು ನಿಜವಾದ ಪ್ರಶ್ನೆ. ಅವತ್ತಿನಿಂದ ನಾನು ಆ ಮಾತಿನ ಹಿಂದೆ ಬಿದ್ದಿದ್ದೇನೆ. ಗೋಡೆಯ ಈಚೆ ನಿಂತು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ನಮ್ಮ ಕಿವಿಗೆ ಬೀಳುವಷ್ಟನ್ನು ನೋಡಿ. ಬೆಳಗ್ಗೆ ಹೋಟೆಲಿಗೆ ಹೋದರೆ "ಎರಡು ಸೆಟ್, ಒಂದು ಮಸಾಲೆ" ಅಂತ ಮಾಣಿ ಒಳಕ್ಕೆ ಕೂಗುತ್ತಾನೆ. ಅಲ್ಲಿ ದೋಸೆ ಅನ್ನುವ ಮಾತೇ ಬರುವುದಿಲ್ಲ, ಬೇಕೂ ಇಲ್ಲ. ಅಂಗೈಗಿಂತ ಸ್ವಲ್ಪ ಅಗಲದ, ಮೇಲೆಲ್ಲ ಕಣ್ಣುಕಣ್ಣು ಬಿಟ್ಟ, ಹತ್ತಿಯ ಹಾಗಿರುವ ಮೂರು ದೋಸೆ ಒಂದರ ಮೇಲೊಂದು ಅರ್ಧ ಸರಿದು ಕೂತಿರುತ್ತವೆ. ಪಕ್ಕದಲ್ಲಿ ತರಕಾರಿ ಸಾಗು, ಚಟ್ನಿ. ಹಿಟ್ಟಿಗೆ ನೆನೆಸಿದ ಅವಲಕ್ಕಿ ಸೇರಿಸಿ ರುಬ್ಬುವುದರಿಂದ ಆ ಮೆದು. ಒಂದೇ ಮಗ್ಗುಲು ಬೇಯಿಸಿ, ಮುಚ್ಚಳ ಮುಚ್ಚಿ ಇಳಿಸುವುದರಿಂದ ಆ ಕಣ್ಣು. ಒಂದೊಂದಾಗಿ ಕೊಡದೆ ಒಟ್ಟಾಗಿ ಕೊಡುವುದರಿಂದ ಆ ಹೆಸರು. ಇಂಗ್ಲೆಂಡಿನ ಯಾವ ಊರಿನಲ್ಲೂ ಸೆಟ್ ಅಂದರೆ ತಿಂಡಿ ಅಂತ ಯಾರಿಗೂ ಹೊಳೆಯದು. ಆ ಅರ್ಥ ಪೂರ್ತಿ ನಮ್ಮ ನೆಲದ್ದು.

ಹಳ್ಳಿಯ ಕಡೆ ಹೊರಟರೆ ಪಂಪ್‌ಸೆಟ್. ವಿದ್ಯುತ್ ಕಚೇರಿಯವರ ಬಾಯಲ್ಲಿ ಅದು ಐಪಿ ಸೆಟ್. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತವಾಗಿ ಕರೆಂಟ್ ಕೊಡುತ್ತದೆ ಎಂಬ ಮಾತು ರೈತನ ಮನೆಯ ಮಗುವಿಗೂ ಗೊತ್ತು. ಊರಹಬ್ಬ, ಮದುವೆ, ನಾಟಕ ಅಂದರೆ ಮೈಕ್‌ಸೆಟ್ ಬರಬೇಕು. ಕೊಂಬು, ಆಂಪ್ಲಿಫೈಯರ್, ವೈರಿನ ಸುರುಳಿ, ಎಲ್ಲ ಕೂಡಿದ್ದಕ್ಕೆ ಒಂದು ಹೆಸರು. ದಿಬ್ಬಣದ ಮುಂದೆ ಬ್ಯಾಂಡ್‌ಸೆಟ್. ಮದುವೆ ಆದ ಮೇಲೆ ಸೋಫಾ ಸೆಟ್, ನೆಕ್ಲೇಸ್ ಸೆಟ್, ಊಟದ ಡಬ್ಬಿಯ ಸೆಟ್. ಕಾಲೇಜು ಮೇಷ್ಟ್ರಾಗಬೇಕೆಂದು ಓದುವವರು "ನೆಟ್ ಆಗಲಿಲ್ಲ, ಸೆಟ್ ಆದರೂ ಆಗಬೇಕು" ಅನ್ನುತ್ತಾರೆ. ಅದು ಪರೀಕ್ಷೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದು, ಬರೀ ಉಚ್ಚಾರದ ನೆಂಟಸ್ತಿಕೆ, ಬಿಡಿ.

ಸಿನಿಮಾದವರಿಗೆ ಸೆಟ್ ಹಾಕುವುದು ಅಂದರೆ ಇಲ್ಲದ ಊರನ್ನು ಇರುವಂತೆ ನಿಲ್ಲಿಸುವುದು. ರಂಗಭೂಮಿಯವರು ಅದಕ್ಕೆ ರಂಗಸಜ್ಜಿಕೆ ಎಂಬ ಚೆಂದದ ಮಾತು ಇಟ್ಟುಕೊಂಡಿದ್ದಾರೆ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡುವಾಗ ಆಗುಂಬೆಗೆ ಹೋಗಿ, ಅಲ್ಲಿನ ಬೀದಿಯನ್ನೂ ದೊಡ್ಡಮನೆಯನ್ನೂ ಕಥೆಯ ಊರನ್ನಾಗಿ ಮಾಡಿಕೊಂಡರು. ಜನ ವಾಸವಿದ್ದ ಮನೆಯೇ ಅಲ್ಲಿ ಸೆಟ್ ಆಯಿತು. ಇವತ್ತಿಗೂ ಆಗುಂಬೆಗೆ ಹೋದವರು ಆ ಜಗುಲಿ ನೋಡಿಯೇ ಬರುತ್ತಾರೆ.

ಆಟದ ಮೈದಾನದಲ್ಲಿ ಇನ್ನೊಂದು ಬಗೆ. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ತಮ್ಮ ನಲವತ್ತಮೂರನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅದು ನೇರ ಸೆಟ್‌ಗಳ ಗೆಲುವು: 7-6, 7-5. ಅದೇ ವಾಲಿಬಾಲಿಗೆ ಬಂದರೆ ಇಪ್ಪತ್ತೈದು ಅಂಕದ ಒಂದು ಸುತ್ತೂ ಸೆಟ್ಟೇ, ಹೊಡೆಯುವವನ ಕೈಗೆ ಸಿಗುವಂತೆ ಚೆಂಡನ್ನು ಮೆಲ್ಲಗೆ ಎತ್ತಿಕೊಡುವುದೂ ಸೆಟ್ಟೇ. ಒಂದೇ ಅಂಗಳದೊಳಗೆ ಎರಡು ಅರ್ಥ, ಆಡುವವರಿಗೆ ಒಂದು ದಿನವೂ ಗೊಂದಲವಾದದ್ದಿಲ್ಲ.

ಇಷ್ಟು ಹೇಳಿದ ಮೇಲೆ ಅಜ್ಜಿ, "ಆ ಭಾಷೆಯವರು ಇದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದಾರೇನು?" ಅಂತ ಕೇಳಿದರು. ಬರೆದಿಟ್ಟಿದ್ದಾರೆ, ಅದೂ ಎಂಥ ಶ್ರದ್ಧೆಯಿಂದ! ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕೆಲಸಕ್ಕೆ ಕೂತ ಜೇಮ್ಸ್ ಮರ್ರೆ ತಮ್ಮ ಹಿತ್ತಲಿನಲ್ಲಿ ತಗಡಿನದೊಂದು ಕೊಠಡಿ ಹಾಕಿಸಿ, ಗೋಡೆತುಂಬ ಗೂಡು ಮಾಡಿಸಿ, ಓದುಗರು ಅಂಚೆಯಲ್ಲಿ ಕಳಿಸಿದ ಲಕ್ಷಾಂತರ ಚೀಟಿಗಳನ್ನು ಅಲ್ಲಿ ವಿಂಗಡಿಸಿದರು. ಮೊದಲ ಕಂತು ಹೊರಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಪೂರ್ತಿಯಾದದ್ದನ್ನು ನೋಡಲು ಮರ್ರೆ ಇರಲಿಲ್ಲ, 1915ರಲ್ಲೇ ತೀರಿಕೊಂಡಿದ್ದರು. ಆ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಪಡೆದದ್ದು ಈ ಮೂರಕ್ಷರದ ಸೆಟ್. ಸುಮಾರು 430 ಅರ್ಥಗಳು, ಅವನ್ನು ಬಿಡಿಸಿ ಹೇಳಲು 60,000 ಪದಗಳು. ಒಂದು ಒಳ್ಳೆಯ ಕಾದಂಬರಿಯಷ್ಟು ಉದ್ದ! ಆಮೇಲೆ ಹೊಸ ಪರಿಷ್ಕರಣೆಯಲ್ಲಿ ರನ್ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರಂತೆ. ಒಂದು ಪದಕ್ಕೆ ಒಂಬತ್ತು ತಿಂಗಳು ಕೊಡುವವರ ಮುಂದೆ ತಲೆಬಾಗಬೇಕು ಅನಿಸುತ್ತದೆ ನನಗೆ.

ಇನ್ನು ಆ ಮಾತಿನ ಬೇರು. ನನಗೆ ರೋಮಾಂಚನವಾದದ್ದು ಇಲ್ಲೇ. ಹಳೆಯ ಇಂಗ್ಲಿಷಿನಲ್ಲಿ ಸಿಟ್ಟನ್ ಅಂದರೆ ಕೂರು, ಸೆಟ್ಟನ್ ಅಂದರೆ ಕೂರಿಸು. ಅಷ್ಟೇ. ಆ 430 ಅರ್ಥಗಳಲ್ಲಿ ಬಹುಪಾಲು ಈ ಕೂರಿಸು ಎಂಬ ಒಂದು ಬೀಜದಿಂದ ಮೊಳೆತವು. ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ: ಫಾಲ್ ಅಂದರೆ ಬೀಳು, ಫೆಲ್ ಅಂದರೆ ಮರ ಬೀಳಿಸು. ರೈಸ್ ಅಂದರೆ ಏಳು, ರೇಸ್ ಅಂದರೆ ಎಬ್ಬಿಸು. ಅವರಲ್ಲಿ ಪಳೆಯುಳಿಕೆಯಾದದ್ದು ನಮ್ಮಲ್ಲಿ ಇನ್ನೂ ಹಸಿರಾಗಿದೆ. ಮಾತು ಕಲಿಯುವ ಮಗು ಕೂಡ ಓಡು-ಓಡಿಸು, ತಿನ್ನು-ತಿನ್ನಿಸು, ಕೂರು-ಕೂರಿಸು ಅಂತ ತಾನೇ ಕಟ್ಟಿಕೊಳ್ಳುತ್ತದೆ.

ಈ ಕೂರಿಸು ಎಂಬ ನಮ್ಮ ಮಾತನ್ನೇ ಒಂದಿಷ್ಟು ನೋಡಿ. ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ. ದಸರೆಗೆ ಗೊಂಬೆ ಕೂರಿಸುತ್ತೇವೆ. ಬಡಗಿ ಬಾಗಿಲು ಕೂರಿಸುತ್ತಾನೆ. ಅಕ್ಕಸಾಲಿಗ ಓಲೆಗೆ ಹರಳು ಕೂರಿಸುತ್ತಾನೆ. ಬಾವಿಗೆ ಮೋಟಾರು ಕೂರಿಸುತ್ತಾರೆ. ಜಾರಿದ ಮೂಳೆಯನ್ನು ಎಳೆದು ಕೂರಿಸುತ್ತಾರೆ. ಹರಳಿಗೂ ಮೂಳೆಗೂ ಇಂಗ್ಲಿಷಿನವರು ಬಳಸುವುದು ಸೆಟ್ ಅನ್ನೇ! ಸಾವಿರಾರು ಮೈಲಿ ದೂರದ ಎರಡು ಜನಾಂಗ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆ. ಎರಡಕ್ಕೂ ಹರಳನ್ನು ಉಂಗುರದಲ್ಲಿಡುವುದು ಅದನ್ನು ಕೂರಿಸಿದಂತೆ ಕಂಡಿದೆ. ದರ್ಜಿ ಹೊಲಿದುಕೊಟ್ಟ ರವಿಕೆ ಮೈಗೆ ಒಪ್ಪಿದರೆ "ಚೆನ್ನಾಗಿ ಕೂತಿದೆ" ಅನ್ನುತ್ತೇವಲ್ಲ, ಬಣ್ಣ ಸೆಟ್ ಆಗಲ್ಲ ಅಂದ ಹುಡುಗನ ಮಾತಿನ ಹಿಂದೆಯೂ ಇದೇ ಇದೆ ಅಂತ ನನಗೆ ತೋರುತ್ತದೆ. ಹೊಂದುತ್ತದೆ ಎಂಬ ಈ ಅರ್ಥದಲ್ಲಿ ಇಂಗ್ಲಿಷಿನವರು ಸೆಟ್ ಬಳಸುವುದಿಲ್ಲ. "ಅವರಿಬ್ಬರಿಗೂ ಸೆಟ್ ಆಗಲ್ಲ" ಅಂತ ಲಂಡನ್ನಿನವನಿಗೆ ಇಂಗ್ಲಿಷಿನಲ್ಲಿ ಹೇಳಿದರೆ ಅವನಿಗೆ ತಿಳಿಯದು. ಅದು ನಮ್ಮ ಕಡೆಯ ಭಾಷೆಗಳು ಆ ಪದಕ್ಕೆ ಹೊಸದಾಗಿ ಕೊಟ್ಟ ಕೆಲಸ.

ಬೇರನ್ನು ಇನ್ನೂ ಕೆಳಕ್ಕೆ ಅಗೆದರೆ ಸಂಸ್ಕೃತದ ಸದ್ ಎಂಬ ಧಾತು ಸಿಗುತ್ತದೆ. ಅದರ ಅರ್ಥವೂ ಕೂರು. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ನಿಂತು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ತಾಯಿಬೇರಿನಿಂದ ಬಂದಿರಬೇಕು ಅಂದರಲ್ಲ, ಆ ವಂಶವೃಕ್ಷದಲ್ಲಿ ಇಂಗ್ಲಿಷಿನ ಸೆಟ್ ಮತ್ತು ಸಂಸ್ಕೃತದ ಸದ್ ಒಂದೇ ಕೊಂಬೆಗೆ ಹೋಗಿ ಸೇರುತ್ತವೆ. ಒಟ್ಟಾಗಿ ಕೂರುವ ಜಾಗ ಸಂಸತ್ತು. ಸುತ್ತ ಕೂರುವುದು ಪರಿಷತ್ತು. ಗುರುವಿನ ಹತ್ತಿರ ಕೆಳಗೆ ಕೂತು ಕೇಳಿದ್ದು ಉಪನಿಷತ್ತು. ಸದನ, ಸದಸ್ಯ ಎಲ್ಲ ಅದೇ ಮನೆಯವರು. ಹಕ್ಕಿ ಬಂದು ಕೂರುವ ಗೂಡಿಗೆ ಸಂಸ್ಕೃತದಲ್ಲಿ ನೀಡ, ಇಂಗ್ಲಿಷಿನಲ್ಲಿ ನೆಸ್ಟ್. ಅವೂ ಇದೇ ಧಾತುವಿನ ಅಕ್ಕತಂಗಿಯರು. ಮೇಸ್ತ್ರಿಯ "ಸೆಟ್ ಆಗ್ಬೇಕು" ಕೇಳಿದಾಗ ಉಪನಿಷತ್ತು ನೆನಪಾಗುವಂತಿದ್ದರೆ ಭಾಷೆ ಎಷ್ಟು ಆಳದ ಬಾವಿ ಅಂತ ಯೋಚಿಸಿ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗುಂಪು, ಜೊತೆ ಎಂಬರ್ಥದ ಸೆಟ್, ಅಂದರೆ ನಮ್ಮ ದೋಸೆಯದು, ಸೋಫಾದ್ದು, ಮೂಲದಲ್ಲಿ ಬೇರೆ ಹೊಳೆ. ಅದು ಲ್ಯಾಟಿನ್ನಿನ ಸೆಕ್ಟಾದಿಂದ ಹಳೆಯ ಫ್ರೆಂಚಿನ ದಾರಿಯಾಗಿ ಬಂದದ್ದು. ಸೆಕ್ಟಾ ಅಂದರೆ ಹಿಂಬಾಲಿಸುವವರ ತಂಡ. ಪಂಥ ಎಂಬರ್ಥದ ಸೆಕ್ಟ್ ಅದರ ಒಡಹುಟ್ಟು. ದನಿ ಒಂದೇ ಆದ್ದರಿಂದ ಕೂರಿಸುವ ಸೆಟ್ಟಿನ ಜೊತೆ ಅದು ಬೆರೆತುಹೋಯಿತು. ನಮ್ಮ ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ ಸೇರಿದ ಮೇಲೆ ಯಾವ ನೀರು ಯಾವುದು ಅಂತ ಬೊಗಸೆಯಲ್ಲಿ ಎತ್ತಿ ಹೇಳುವುದಕ್ಕೆ ಆಗುವುದಿಲ್ಲವಲ್ಲ, ಹಾಗೆ. ಆ ಊರಿನ ಹೆಸರಿನಲ್ಲೇ ಕೂಡು ಇದೆ ನೋಡಿ. ನಮ್ಮ ಕಡೆಯ ಕನ್ನಡದಲ್ಲಿ ಈ ಎರಡು ಹೊಳೆ ಬೆರೆತಿಲ್ಲ. ಕೂರಿಸುವುದಕ್ಕೆ ಕೂರಿಸು, ಒಂದುಗೂಡಿಸುವುದಕ್ಕೆ ಕೂಡಿಸು. ದನಿಯಲ್ಲಿ ಅಷ್ಟು ಹತ್ತಿರ ಇದ್ದರೂ ತಮ್ಮ ತಮ್ಮ ಕೆಲಸ ಬಿಟ್ಟುಕೊಟ್ಟಿಲ್ಲ.

ಕೂಡಿದ ವಸ್ತುಗಳಿಗೆ ನಮ್ಮಲ್ಲಿರುವ ಹೆಸರುಗಳನ್ನು ಅಜ್ಜಿಯೂ ನಾನೂ ಗೋಡೆಯ ಆಚೀಚೆ ನಿಂತು ಎಣಿಸಿದೆವು. ಚಪ್ಪಲಿಗೂ ಎತ್ತಿಗೂ ಜೊತೆ. ಬಾಳೆಹಣ್ಣಿಗೆ ಚಿಪ್ಪು, ಅದೆಲ್ಲ ಸೇರಿದರೆ ಗೊನೆ. ದ್ರಾಕ್ಷಿಗೆ ಗೊಂಚಲು. ಸೊಪ್ಪಿಗೆ ಕಂತೆ. ಸೌದೆಗೆ ಹೊರೆ. ಕೊಯ್ದ ಭತ್ತಕ್ಕೆ ಸಿವುಡು, ಸಿವುಡುಗಳನ್ನು ಒಟ್ಟಿದರೆ ಮೆದೆ. ಆಡಿಗೆ ಮಂದೆ, ಆನೆಗೆ ಹಿಂಡು, ನೆಂಟರಿಗೆ ಬಳಗ. ಶಾಲೆಯ ಗಣಿತದಲ್ಲಿ ಸೆಟ್ಟಿಗೆ ಗಣ ಅಂತ ಕನ್ನಡದ ಪಠ್ಯದಲ್ಲಿ ಹೇಳಿಕೊಡುತ್ತಾರೆ, ಏನೂ ಇಲ್ಲದ್ದು ಶೂನ್ಯ ಗಣ. ಜರ್ಮನಿಯ ಗಿಯಾರ್ಗ್ ಕ್ಯಾಂಟರ್ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಆ ಶಾಸ್ತ್ರಕ್ಕೆ, ಶಿವಗಣದ, ಮಾತ್ರಾಗಣದ, ಗಣಪತಿಯ ಹೆಸರಿನೊಳಗಿನ ಪದವನ್ನು ತಂದು ಇಟ್ಟವರು ಯಾರೋ, ಅವರಿಗೆ ನಾನು ಕೈಮುಗಿಯುತ್ತೇನೆ. ಅಷ್ಟು ಸರಿಯಾಗಿ ಕೂತಿದೆ ಆ ಪದ.

ನಮ್ಮಪ್ಪ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅದೂ ಟೈಪ್ ಸೆಟ್ ಮಾಡುವುದೇ, ಅಪ್ಪ ಮಾತ್ರ ಯಾವತ್ತೂ ಜೋಡಿಸೋದು ಅನ್ನುತ್ತಿದ್ದರು. ಎಡಗೈಯಲ್ಲಿ ಸ್ಟಿಕ್ಕು, ಮುಂದೆ ನೂರಾರು ಮನೆಗಳ ಕೇಸು. ಬಲಗೈ ನೋಡದೆಯೇ ಸರಿಯಾದ ಮನೆಗೆ ಹೋಗಿ ಸೀಸದ ಮೊಳೆ ಎತ್ತಿಕೊಂಡು ಬರುತ್ತಿತ್ತು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವು, ಅದನ್ನು ತಲೆಕೆಳಗಾಗಿ ಇಟ್ಟು ಎಡದಿಂದ ಬಲಕ್ಕೆ ಜೋಡಿಸಬೇಕು. ಕನ್ನಡಕ್ಕೆ ಒತ್ತಕ್ಷರದ ಕಷ್ಟ ಬೇರೆ. ಇಂಗ್ಲಿಷಿಗೆ ಕೆಲವು ಡಜನ್ ಮನೆ ಸಾಕಾದರೆ, ನಮ್ಮ ಕಾಗುಣಿತಕ್ಕೂ ಒತ್ತಿಗೂ ಅದರ ಹಲವು ಪಟ್ಟು ಬೇಕು. ಸಂಜೆ ಮನೆಗೆ ಬಂದರೆ ಬೆರಳ ತುದಿಯ ಕಪ್ಪು ಸೀಗೆಪುಡಿ ಹಾಕಿ ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ನಾನು ಓದು ಕಲಿತದ್ದು ಅವರು ತರುತ್ತಿದ್ದ ಒದ್ದೆ ಪ್ರೂಫ್ ಹಾಳೆಗಳಲ್ಲಿ. ಆಮೇಲೆ ಆಫ್‌ಸೆಟ್ ಬಂತು. ತಟ್ಟೆಯ ಮೇಲಿನ ಶಾಯಿ ಮೊದಲು ರಬ್ಬರಿನ ಉರುಳೆಗೆ, ಅಲ್ಲಿಂದ ಕಾಗದಕ್ಕೆ. ಮೊಳೆಗಳನ್ನು ಕರಗಿಸುವುದಕ್ಕೆ ತೂಕದ ಲೆಕ್ಕದಲ್ಲಿ ಮಾರಿದರು. ಅಪ್ಪ ಒಂದು 'ಕ್ಷ' ಮಾತ್ರ ಕೇಳಿ ತಂದರು. ಅದು ಈಗಲೂ ನನ್ನ ಕುಂಕುಮದ ಡಬ್ಬಿಯ ಪಕ್ಕ ಇದೆ.

ಅಪ್ಪನ ಜೋಡಿಸೋದು ಎಂಬ ಮಾತನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ: ಆ ಕೆಲಸಕ್ಕೆ ನಮ್ಮಲ್ಲೇ ಒಂದು ಪದವಿತ್ತು, ಅಪ್ಪ ಅದನ್ನು ಬಿಡಲಿಲ್ಲ. ಒಂದು ಪದ ಹತ್ತು ಕೆಲಸ ಮಾಡುವುದು ಆ ಭಾಷೆಯ ಬಲ, ಅದರಲ್ಲಿ ಎರಡು ಮಾತಿಲ್ಲ. ಕನ್ನಡದಲ್ಲೂ ಅಂಥವು ಬೇಕಾದಷ್ಟಿವೆ. ಕಟ್ಟು ತೆಗೆದುಕೊಳ್ಳಿ: ಮನೆ ಕಟ್ಟು, ತಾಳಿ ಕಟ್ಟು, ಫೀಸು ಕಟ್ಟು, ಹಾಡು ಕಟ್ಟು, ಮೂಗು ಕಟ್ಟು, ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟು. ಇಡು ಇನ್ನೂ ದೊಡ್ಡದು: ಹೆಸರಿಡು, ಹೆಜ್ಜೆಯಿಡು, ಎಡೆಯಿಡು, ಮೊಟ್ಟೆಯಿಡು, ನಂಬಿಕೆಯಿಡು, ಅಡವಿಡು. ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟನ್ನೋ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೋ ತೆರೆದು ಇಂಥ ಒಂದು ಪದವನ್ನು ಪೂರ್ತಿ ಓದಿ ನೋಡಿ, ಒಂದು ಮಧ್ಯಾಹ್ನ ಸಾಲುವುದಿಲ್ಲ.

ಹಾಗೇ, ಬಂದ ಪದವನ್ನು ಬೇಡ ಅನ್ನುವವಳೂ ನಾನಲ್ಲ. ಪಂಪ್‌ಸೆಟ್, ಮೈಕ್‌ಸೆಟ್, ಸೆಟ್ ದೋಸೆ ಹೊಸ ವಸ್ತುವಿನ ಜೊತೆ ಬಂದವು, ನಮ್ಮಲ್ಲಿ ಇಲ್ಲದ್ದನ್ನು ತುಂಬಿದವು, ಅವು ಕನ್ನಡವೇ. 'ಇಗೋ ಕನ್ನಡ' ಬರೆದ ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೇ ಒಂದು ಕೋಶ ಮಾಡಿದರು, ಅಂಥ ಪದಗಳನ್ನೂ ಕನ್ನಡದ ಮನೆಯವೆಂದು ಕರೆದು ಕೂರಿಸಿದರು. ನನಗೆ ಸಂಕಟವಾಗುವುದು ಬೇರೆ ಕಡೆ. ನಮ್ಮಲ್ಲಿ ಇರುವ ಪದವನ್ನು ಸೆಟ್ ಬಂದು ಎಬ್ಬಿಸಿ, ಅದರ ಜಾಗದಲ್ಲಿ ತಾನು ಕೂತಾಗ.

ಮೊಸರನ್ನೇ ನೋಡಿ. ಹಾಲು ಕಾಯಿಸಿ, ಉಗುರು ಬೆಚ್ಚಗೆ ಆರಿಸಿ, ಒಂದು ಚಮಚ ಮೊಸರು ಬೆರೆಸಿ ಇಟ್ಟರೆ ಅದು ಹೆಪ್ಪು ಹಾಕಿದ್ದು. ಬೆಳಗ್ಗೆ ಆದದ್ದು ಹೆಪ್ಪುಗಟ್ಟಿದ್ದು. ಹೆಪ್ಪು ಅಂದರೆ ಆ ಚಮಚದ ಮೊಸರೂ ಹೌದು, ಆಗುವ ಕ್ರಿಯೆಯೂ ಹೌದು. ತುಪ್ಪಕ್ಕೆ ಹೆಪ್ಪಿಲ್ಲ. ಮಾಗಿಯ ಚಳಿಗೆ ತುಪ್ಪ ಹೆರೆಯುತ್ತದೆ, ಮರಳುಮರಳಾದ ಹೆರೆತುಪ್ಪ ಬಿಸಿ ಹೋಳಿಗೆಯ ಮೇಲೆ ಬಿದ್ದು ಕರಗುವುದನ್ನು ಕಂಡವರಿಗೆ ಆ ಪದದ ರುಚಿ ಗೊತ್ತು. ಸಕ್ಕರೆಗೆ ಪಾಕ ಬರುತ್ತದೆ, ಮೊದಲು ಎಳೆಪಾಕ, ಆಮೇಲೆ ಗಟ್ಟಿಪಾಕ. ಮಳೆ ಹಿಡಿಯುತ್ತದೆ: ಆರಿದ್ರೆ ಹಿಡಿದರೆ ಬಿಡುವುದಿಲ್ಲ ಅನ್ನುತ್ತಾರೆ ರೈತರು. ಜಗಳವಾಡುವ ಇಬ್ಬರಿಗೆ ಹೊಂದುವುದಿಲ್ಲ, ಒಗ್ಗುವುದಿಲ್ಲ, ಅವರದು ಎಣ್ಣೆ ಸೀಗೇಕಾಯಿ. ಸೂರ್ಯ ಮುಳುಗುತ್ತಾನೆ, ಕಂತುತ್ತಾನೆ. ಹಳೆಗನ್ನಡದಲ್ಲಿ ಪಡುತ್ತಾನೆ. ಅವನು ಪಡುವ ದಿಕ್ಕಿಗೇ ಪಡುವಣ ಅಂತ ಹೆಸರಾಯಿತು, ಮೂಡುವ ದಿಕ್ಕು ಮೂಡಣವಾಯಿತು. ಪಡುಬಿದ್ರಿ, ಮೂಡಬಿದಿರೆ ಎಂಬ ಎರಡು ಊರುಗಳು ಸೂರ್ಯ ಇಳಿಯುವ, ಏರುವ ಎರಡು ದಿಕ್ಕುಗಳನ್ನು ಇವತ್ತಿಗೂ ಹೆಸರಿನಲ್ಲಿ ಹೊತ್ತುಕೊಂಡಿವೆ.

ಇವುಗಳಲ್ಲಿ ಹಲವಕ್ಕೆ ಇಂಗ್ಲಿಷಿನವರು ಸೆಟ್ ಅಂದರೆ ಅವರಿಗೆ ಅದು ಸಾಕು, ಅವರ ವಾಕ್ಯದ ಅಕ್ಕಪಕ್ಕದ ಮಾತುಗಳು ಅರ್ಥವನ್ನು ಹೊತ್ತುಕೊಳ್ಳುತ್ತವೆ. ನಾವು ಎಲ್ಲದಕ್ಕೂ ಸೆಟ್ ಅಂದರೆ ನಷ್ಟ ಎಲ್ಲಿದೆ ಅಂದರೆ, ನಮ್ಮ ಒಂದೊಂದು ಪದದಲ್ಲೂ ಅದು ಆಗುವ ಬಗೆ ಅಡಗಿದೆ. ಹೆಪ್ಪಿಗೆ ಹುಳಿ ಬೇಕು, ಹೆರೆಯುವುದಕ್ಕೆ ಚಳಿ ಬೇಕು, ಪಾಕಕ್ಕೆ ಬೆಂಕಿ ಬೇಕು. ಪದ ಹೋದರೆ ಆ ತಿಳಿವಳಿಕೆಯೂ ಮನೆಯಿಂದ ಹೋಗುತ್ತದೆ. ಚಳಿಗೆ ಮೊಸರು ಸೆಟ್ ಆಗಿಲ್ಲ ಅಂದ ಸೊಸೆಗೆ ಅಜ್ಜಿ ಕೊಟ್ಟ ಉತ್ತರ ಕೇಳಿ: "ಹೆಪ್ಪು ಸಾಲದಾಗಿದೆ ಕಣೇ, ಚಳೀಲಿ ಒಂದು ಚಮಚ ಜಾಸ್ತಿ ಹಾಕ್ಬೇಕು, ಪಾತ್ರೆಗೆ ಬಟ್ಟೆ ಸುತ್ತಿ ಒಲೆ ಪಕ್ಕ ಇಡು." ಹೆಪ್ಪು ಎಂಬ ಪದ ಬಾಯಲ್ಲಿದ್ದವರಿಗೆ ಎಲ್ಲಿ ತಪ್ಪಿತು ಅನ್ನುವುದೂ ಅದರಲ್ಲೇ ಹೊಳೆಯುತ್ತದೆ.

ಗಾರೆಗೆ ಸೆಟ್ ಇರಲಿ. ಅದು ಸಿಮೆಂಟಿನ ಜೊತೆ ಬಂದ ಶಾಸ್ತ್ರದ ಮಾತು, ಅದಕ್ಕೆ ಅಳತೆಯೂ ಇದೆ. ನಮ್ಮ ದೇಶದ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬೆರೆಸಿದ 30 ನಿಮಿಷದೊಳಗೆ ಬಿಗಿಯಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು. ಆ ಮೊದಲ ಅರ್ಧ ಗಂಟೆಯೊಳಗೇ ಮೇಸ್ತ್ರಿ ಕಲಸಿದ್ದನ್ನು ಎತ್ತಿ, ಎಳೆದು, ಮಟ್ಟ ಮಾಡಿಬಿಡುತ್ತಾನೆ. ಅವನ ಅವಸರಕ್ಕೆ ಕಾರಣ ಅದು. ಬಿಗಿದ ಮೇಲೂ ವಾರಗಟ್ಟಲೆ ನೀರು ಕುಡಿಸಬೇಕು. ನಮ್ಮ ಗೋಡೆಗೆ ಅಜ್ಜಿ ಗೋಣಿಚೀಲ ಹೊದಿಸಿ ಬೆಳಗ್ಗೆ ಸಂಜೆ ನೀರು ಹನಿಸಿದರು.

ಹೊಲಕ್ಕೆ ಬಂದರೆ ಮತ್ತೆ ನಮ್ಮ ಪದವೇ ಮೇಲು. ಮಂಡ್ಯದ ಕಡೆ ನನ್ನ ಸೋದರಮಾವ ಕಬ್ಬು ಹಾಕುತ್ತಾರೆ. ಕೃಷಿ ಪುಸ್ತಕದಲ್ಲಿ ನಾಟಿಯ ಕಬ್ಬಿಗೆ ಸೆಟ್ಸ್ ಅಂತಿರುತ್ತದೆ. ಮಾವ ಅದನ್ನು ಮೂರು ಕಣ್ಣಿನ ತುಂಡು ಅನ್ನುತ್ತಾರೆ. ಗಿಣ್ಣಿನ ಮೇಲಿನ ಮೊಗ್ಗು ಅವರಿಗೆ ಕಣ್ಣು. ತುಂಡು ಕತ್ತರಿಸುವಾಗ ಕಣ್ಣಿಗೆ ಏಟು ಬೀಳಬಾರದು, ಮಣ್ಣಿನಲ್ಲಿ ಇಡುವಾಗ ಕಣ್ಣು ಮಗ್ಗುಲಿಗಿರಬೇಕು ಅಂತ ಆಳುಗಳಿಗೆ ಹೇಳುವಾಗ ಅವರ ದನಿಯೇ ಮೆತ್ತಗಾಗುತ್ತದೆ. ಕಣ್ಣು ಅಂತ ಕರೆದ ಮೇಲೆ ಅದನ್ನು ಒರಟಾಗಿ ಮುಟ್ಟುವುದಕ್ಕೆ ಯಾರಿಗೂ ಮನಸ್ಸು ಬಾರದು.

ನಾಲ್ಕು ದಿನದ ಹಿಂದೆ ಗೋಣಿ ತೆಗೆದೆವು. ಪಟ್ಟಿ ಕಲ್ಲಿನಂತಾಗಿದೆ. ಬಣ್ಣ ಕೊನೆಗೂ ಹಸಿರೇ, ಅಜ್ಜಿ ಹೇಳಿದ್ದೇ. ಅವರು ಮೊಣಕೈಯನ್ನು ಗೋಡೆಯ ಮೇಲೆ ಊರಿ, ತಮ್ಮ ಹಿತ್ತಲಿನ ಮಾವಿನ ಮರ ತೋರಿಸಿದರು. ಗೊಂಚಲಿನ ಹೂವು ಉದುರಿ, ಬಟಾಣಿಯಷ್ಟಷ್ಟೇ ಕಾಯಿ ಕಾಣುತ್ತಿತ್ತು. ತೋಟಗಾರಿಕೆಯವರ ಪುಸ್ತಕದಲ್ಲಿ ಅದಕ್ಕೆ ಫ್ರೂಟ್ ಸೆಟ್ ಅನ್ನುತ್ತಾರೆ. ಅಜ್ಜಿ ಅಂದರು: "ಈ ಸಲ ಮಂಜು ಬೀಳ್ಲಿಲ್ಲ ನೋಡು, ಚೆನ್ನಾಗಿ ಕಚ್ಚಿದೆ."

ಕಚ್ಚಿದೆ. ಪುಟ್ಟ ಕಾಯಿ ಬೀಳದೆ ತೊಟ್ಟನ್ನು ಕಚ್ಚಿ ಹಿಡಿದಿದೆ. ಅರ್ಧ ಆಯುಷ್ಯ ಪುಸ್ತಕ ಓದಿದ ನಾನು ಈ ಮಾತನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು, ಗೋಡೆಯ ಮೇಲಿಟ್ಟು, ಅಲ್ಲೇ ಬರೆದುಕೊಂಡೆ: ಹೆಪ್ಪು, ಹೆರೆ, ಕಚ್ಚು, ಕಂತು, ಸಿವುಡು. ಈಗ ದಿನಾ ಸಂಜೆ ಒಂದೆರಡು ಸೇರುತ್ತವೆ, ಸೊಸೆಯೂ ಹೇಳುತ್ತಾಳೆ, ಮೊಮ್ಮಗ ತನ್ನ ಮೊಬೈಲಿನಲ್ಲಿ ಅಜ್ಜಿಯ ದನಿ ಹಿಡಿದಿಡುತ್ತಾನೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರೊಬ್ಬರು ಇದ್ದೇ ಇರುತ್ತಾರೆ. ಇವತ್ತು ಸಂಜೆ ಅವರನ್ನು ಮಾತಿಗೆ ಎಳೆಯಿರಿ, ಮೊಸರಿಗೆ ಏನಂತಾರೆ, ಮಾವಿಗೆ ಏನಂತಾರೆ, ಮಳೆಗೆ ಏನಂತಾರೆ ಕೇಳಿ ಬರೆದಿಟ್ಟುಕೊಳ್ಳಿ. ನಾಳೆಗೆ ಬಿಡಬೇಡಿ. ನಮ್ಮ ಅಜ್ಜಿಗೆ ಈಗ ಎಂಬತ್ತಾರು.